ಆಟಿಯಲ್ಲಿ ಜಾಝ್ ಸಾರಿದ ರಮ್ಲತ್

ಪುತ್ತೂರಿನ ಬಟ್ಟೆ ಅಂಗಡಿಯೊಂದರಲ್ಲಿ ರಮ್ಲತ್ ತಲೆದಿಂಬಿನ ಕವರು ನೋಡುತ್ತಿದ್ದಳು. "ಬಿಳಿ ಬೇಡ, ಬೇಗ ಕೊಳೆ ಕಾಣ್ತದೆ. ಬೇರೆ ಬಣ್ಣದ್ದು ಉಂಟಾ?" ಎಂದು ಕೇಳಿದಳು. ಗಲ್ಲಾದಲ್ಲಿ ಕೂತು ಪೇಪರು ಓದುತ್ತಿದ್ದ ಯಜಮಾನರು ಪೇಪರು ಮಡಚಿಟ್ಟು ಅವಳ ಮುಖವನ್ನೇ ನೋಡಿದರು. ಮುಖ ಅವರಿಗೆ ಪರಿಚಯವಿರಲಿಲ್ಲ.

"ನೀವು ಮೊನ್ನೆ ರಕ್ತದಾನ ಶಿಬಿರಕ್ಕೆ ಕರೆದವರಲ್ವಾ?"

"ಕರೆದದ್ದು ನಾನೇ. ನೀವು ಬಂದಿದ್ರಾ?"

"ಇಲ್ಲ, ಅಂಗಡಿ ಬಿಟ್ಟು ಬರ್ಲಿಕ್ಕೆ ಆಗ್ಲಿಲ್ಲ."

"ಹಾಗಾದ್ರೆ ಮುಂದಿನ ಸಲ ಬನ್ನಿ" ಎಂದು ರಮ್ಲತ್ ನೀಲಿ ಬಣ್ಣದ ಕವರು ಕಟ್ಟಿಸಿಕೊಂಡು ಹೊರಟಳು.

ಅವಳ ಬದುಕಿನಲ್ಲಿ ಇದು ಹೊಸತೇನಲ್ಲ. ಪುತ್ತೂರು, ಕಡಬ, ಸುಳ್ಯ, ಈ ಮೂರು ತಾಲೂಕಿನಲ್ಲಿ ಅವಳ ಧ್ವನಿ ಕೇಳದ ಮನೆ ಕಡಿಮೆ. ಭೂತದ ನೇಮ, ಯಕ್ಷಗಾನ, ಉರೂಸ್, ಶಾಲಾ ವಾರ್ಷಿಕೋತ್ಸವ, ಕಣ್ಣಿನ ತಪಾಸಣೆ, ಹೊಸ ಚಿನ್ನದ ಅಂಗಡಿ, ಯಾವುದೇ ಇರಲಿ, ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್ ಕಟ್ಟಿಕೊಂಡ ಜೀಪು ರಸ್ತೆಯಲ್ಲಿ ಬಂದರೆ ಒಳಗಿಂದ ಬರುವ ಧ್ವನಿ ಅವಳದ್ದು. ಆದರೆ ಜೀಪಿನಲ್ಲಿ ಅವಳು ಇರುವುದಿಲ್ಲ. ಅವಳಿರುವುದು ಉಪ್ಪಿನಂಗಡಿಯಲ್ಲಿ, ತಮ್ಮ ಶಮೀರ್‌ನ ಮೈಕ್ ಮತ್ತು ಲೈಟಿಂಗ್ ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ. ಹೊರಗೆ ಹೆದ್ದಾರಿಯ ಲಾರಿಗಳ ಸದ್ದು. ಅದು ಒಳಗೆ ಬಾರದಂತೆ ಗೋಡೆಗೆಲ್ಲ ಗಲ್ಫಿನಿಂದ ಬಂದ ದಪ್ಪ ಕಂಬಳಿಗಳನ್ನು ಹೊಡೆದಿದ್ದಾರೆ. ಹುಲಿಯ ಚಿತ್ರವಿರುವ ಒಂದು ಕಂಬಳಿ, ಗುಲಾಬಿ ಹೂವಿನ ಎರಡು. ದಮ್ಮಾಮಿನಲ್ಲಿ ಕೆಲಸಕ್ಕಿರುವ ಗಂಡ ಒಂದೊಂದು ರಜೆಗೆ ಒಂದೊಂದು ತಂದದ್ದು. ಹುಲಿಯ ಮುಖದ ಎದುರು ಕೂತು ರಮ್ಲತ್ ಮೈಕಿನಲ್ಲಿ ಮಾತಾಡುತ್ತಾಳೆ, ಶಮೀರ್ ಅದನ್ನು ಪೆನ್‌ಡ್ರೈವಿಗೆ ಹಾಕುತ್ತಾನೆ, ಜೀಪು ಹೊರಡುತ್ತದೆ.

ಈ ಕೆಲಸಕ್ಕೆ ಅವಳು ಬಂದದ್ದು ಹೊಳೆಗೆ ನೆರೆ ಬಂದ ಒಂದು ವರ್ಷ. ಅವಳ ತಂದೆಯನ್ನು ಊರಲ್ಲಿ ಮೈಕ್ ಬಾವ ಎಂದೇ ಕರೆಯುತ್ತಿದ್ದರು. ಅಂಗಡಿ ಆಗ ಅವರದ್ದು, ಪ್ರಚಾರದ ಕೂಗೂ ಅವರದ್ದೇ. ಆ ಮಳೆಗಾಲ ಬಾವ ಜ್ವರ ಬಂದು ಮಲಗಿದ್ದರು, ಗಂಟಲು ಪೂರ್ತಿ ಹೋಗಿತ್ತು. ಊರಿನ ಎರಡು ಹೊಳೆಗಳೂ ಏರುತ್ತಿವೆ, ತಗ್ಗಿನ ಮನೆಗಳವರಿಗೆ ಹೇಳಬೇಕು ಎಂದು ಪಂಚಾಯತಿನವರು ಬಂದು ನಿಂತರು. ಮದುವೆಯಾಗಿ ವರ್ಷವಾಗದ ರಮ್ಲತ್ ತವರಿಗೆ ಬಂದಿದ್ದಳು. ಶಮೀರ್ ಜೀಪು ಬಿಡುತ್ತಿದ್ದ, ಆದರೆ ಮೈಕ್ ಹಿಡಿದರೆ ಅವನಿಗೆ ಮಾತು ತೊದಲುತ್ತಿತ್ತು. "ಕೊಡು ಇಲ್ಲಿ" ಎಂದು ಅವಳು ಪಕ್ಕದ ಸೀಟಿಗೆ ಹತ್ತಿದಳು.

ಅವಳು ಕಿರುಚಲಿಲ್ಲ. "ನೀರು ಬರ್ತಾ ಉಂಟು. ಇನ್ನೂ ಸಮಯ ಉಂಟು. ಮುದುಕರನ್ನು, ಮಕ್ಕಳನ್ನು ಮೊದಲು ಕಳಿಸಿ. ಹಟ್ಟಿಯಲ್ಲಿ ದನದ ಹಗ್ಗ ಬಿಚ್ಚಿ ಬಿಡಿ. ಶಾಲೆಯಲ್ಲಿ ಗಂಜಿ ಇಟ್ಟಿದ್ದಾರೆ, ಅಲ್ಲಿಗೆ ಬನ್ನಿ." ಇಷ್ಟನ್ನೇ ಓಣಿ ಓಣಿಯಲ್ಲಿ ಹೇಳಿದಳು. ಸಂಜೆಯೊಳಗೆ ತಗ್ಗಿನ ಮನೆಗಳೆಲ್ಲ ಖಾಲಿಯಾದವು. ನೀರು ಇಳಿದ ಮೇಲೆ ಪಂಚಾಯತಿನ ಹಿರಿಯರೊಬ್ಬರು ಬಾವನ ಹಾಸಿಗೆಯ ಪಕ್ಕ ಕೂತು, "ನಿಮ್ಮ ಮಗಳ ಸ್ವರ ಕೇಳಿದ್ರೆ ಗಾಬರಿ ಆಗುದಿಲ್ಲ ಮಾರಾಯ್ರೆ. ಆದ್ರೆ ಕೂತಲ್ಲಿ ಕೂರ್ಲಿಕ್ಕೂ ಆಗುದಿಲ್ಲ" ಎಂದರು. ಬಾವನಿಗೆ ಗಂಟಲು ಮರಳಿ ಬಂದರೂ ಮೈಕ್ ಮರಳಿ ಬರಲಿಲ್ಲ. ಅವರು ತೀರಿಕೊಳ್ಳುವ ತನಕ ಅಂಗಡಿಯ ಮುಂದೆ ಕೂತು, ಹಾದುಹೋಗುವವರಿಗೆ "ಒಳಗೆ ಮಾತಾಡುದು ನನ್ನ ಮಗಳು" ಎಂದು ಹೇಳುತ್ತಿದ್ದರು.

ರಮ್ಲತ್‌ಗೆ ಒಂದು ಹಟವಿತ್ತು. ತನಗೆ ತಿಳಿಯದ್ದನ್ನು ಅವಳು ಸಾರುತ್ತಿರಲಿಲ್ಲ. ಕಂಬಳದವರು ಬಂದರೆ ಯಾವ ಗದ್ದೆ, ಎಷ್ಟು ಜೋಡಿ ಕೋಣ ಎಂದು ಕೇಳುವಳು. ಆಸ್ಪತ್ರೆಯವರು ಬಂದರೆ ಆ ಡಾಕ್ಟರು ಯಾವ ರೋಗಕ್ಕೆ, ಹಳ್ಳಿಯವರು ಖಾಲಿ ಹೊಟ್ಟೆಯಲ್ಲಿ ಬರಬೇಕೋ ತಿಂದು ಬರಬೇಕೋ ಎಂದು ಕೇಳುವಳು. ಬರೆದು ತಂದ ಕಾಗದವನ್ನು ಹಾಗೆಯೇ ಓದಿ ಎಂದವರ ಎದುರೇ ಅವಳು ಮೈಕ್ ಆಫ್ ಮಾಡಿದ್ದೂ ಉಂಟು. ಶಮೀರ್‌ಗೆ ಇದರಿಂದ ಕಿರಿಕಿರಿ. ಆದರೆ ಅವಳು ಹೇಳಿದ ಕಾರ್ಯಕ್ರಮಕ್ಕೆ ಜನ ಬರುತ್ತಾರೆ ಎಂಬ ಮಾತು ಹಬ್ಬಿದ್ದರಿಂದ ಅವನು ಬಾಯಿ ಬಿಡುತ್ತಿರಲಿಲ್ಲ.

ಈ ಸಲದ ಆಟಿ ತಿಂಗಳಲ್ಲಿ, ಆಷಾಢದ ಮಳೆ ಹಿಡಿದು ಕೂತಿದ್ದ ಒಂದು ಬೆಳಿಗ್ಗೆ, ತ್ಯಾಂಪಣ್ಣ ರೈಗಳು ಕೊಡೆ ಕೊಡವುತ್ತ ಅಂಗಡಿಯೊಳಗೆ ಬಂದರು. ರೈಗಳು ಪುತ್ತೂರಿನ ಹತ್ತಿರದ ದೊಡ್ಡ ಮನೆತನದವರು, ರಬ್ಬರ್ ವ್ಯಾಪಾರ ಇದ್ದವರು. ಸಂಗೀತವೆಂದರೆ ಜೀವ. ನಾಲ್ಕು ಜನ ಗೆಳೆಯರನ್ನು ಸೇರಿಸಿ ಒಂದು ಸಂಗೀತ ಬಳಗ ಕಟ್ಟಿಕೊಂಡಿದ್ದರು.

"ರಮ್ಲತ್, ಮೂರು ಕಚೇರಿ ಉಂಟು" ಎಂದು ಅವರು ಕುರ್ಚಿ ಎಳೆದುಕೊಂಡರು. "ಪುತ್ತೂರಲ್ಲಿ ಶಾಸ್ತ್ರೀಯ ಸಂಗೀತ. ಕಡಬದಲ್ಲಿ ಜಾಝ್. ಸುಳ್ಯದಲ್ಲಿ ಎರಡೂ ಒಟ್ಟಿಗೆ. ಶನಿವಾರಕ್ಕೊಂದು."

"ಆಟಿಯಲ್ಲಾ?"

"ಮತ್ತೆ ಯಾವಾಗ? ಈಗ ಮದುವೆ ಇಲ್ಲ, ಹಾಲ್‌ಗಳೆಲ್ಲ ಖಾಲಿ. ವಾದ್ಯದವರಿಗೂ ಪುರುಸೊತ್ತು. ಎಲ್ಲರೂ ಹೇಳ್ತಾರೆ, ಈ ಮಳೆಯಲ್ಲಿ ಯಾರು ಬರ್ತಾರೆ ರೈಗಳೇ ಅಂತ. ಬರುವ ಹಾಗೆ ಹೇಳ್ಲಿಕ್ಕೆ ನೀವಿದ್ದೀರಲ್ಲ."

ಅವರು ಜೇಬಿನಿಂದ ಬರೆದ ಹಾಳೆ ತೆಗೆದು ಮುಂದಿಟ್ಟರು. ರಮ್ಲತ್ ಓದಿದಳು. 'ಪಾಶ್ಚಾತ್ಯ ಲೋಕದ ಮನೋಧರ್ಮ ಪ್ರಧಾನ ಸಂಗೀತ ಪ್ರಕಾರವಾದ ಜಾಝ್‌ನ ರಸದೌತಣ' ಎಂಬಲ್ಲಿ ನಿಂತಳು.

"ಚಂದ ಬರೆದಿದ್ದೀರಿ. ಆದ್ರೆ ಈ ಜಾಝ್ ಅಂದ್ರೆ ಎಂತ ರೈಗಳೇ?"

"ಅದು... ನಾನು ಕೇಳಿ ಖುಷಿಪಟ್ಟವ. ಹೇಳ್ಲಿಕ್ಕೆ ಬರುದಿಲ್ಲ ನನಗೆ" ಎಂದು ಅವರು ನಕ್ಕರು. "ನನ್ನ ತಮ್ಮನ ಮಗಳು ಸುಪ್ರಿತಾ ಡ್ರಮ್ಸ್ ಬಾರಿಸುದು. ಮೈಸೂರಲ್ಲಿ ಶಾಲೆಯ ಟೀಚರ್. ಅವಳ ತಂಡವೇ ಬರುದು."

"ಅವರು ಅಭ್ಯಾಸ ಮಾಡುದು ಎಲ್ಲಿ? ನಾನು ಒಮ್ಮೆ ಕೇಳ್ಬೇಕು. ಕೇಳದೆ ಹೇಳಿದ್ರೆ ನನ್ನ ಬಾಯಲ್ಲಿ ಅದು ಸುಳ್ಳಾಗ್ತದೆ."

ರೈಗಳಿಗೆ ಬೇಸರವಾಗಲಿಲ್ಲ. ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು, "ನಾಳೆ ಬೆಳಿಗ್ಗೆ ಬನ್ನಿ, ಪುತ್ತೂರಿನ ಹಾಲ್‌ನಲ್ಲೇ ಉಂಟು. ಊಟವೂ ಅಲ್ಲೇ" ಎಂದರು.

ಮರುದಿನ ರಮ್ಲತ್ ಹೋಗುವಾಗ ಆ ಮದುವೆ ಹಾಲ್ ಒಳಗೆ ಪ್ಲಾಸ್ಟಿಕ್ ಕುರ್ಚಿಗಳ ರಾಶಿ, ಮೂಲೆಯಲ್ಲಿ ಮಂಟಪದ ಕಂಬಗಳು. ಊಟದ ಹಾಲ್‌ನಲ್ಲಿ ಶಾಸ್ತ್ರೀಯ ಕಚೇರಿಯ ಅಭ್ಯಾಸಕ್ಕೆ ಮರ್ಕಂಜದ ಉದಯ ಸ್ಯಾಕ್ಸೋಫೋನ್ ಊದುತ್ತಿದ್ದ, ಪಕ್ಕದಲ್ಲಿ ಪಿಟೀಲು ಮತ್ತು ಮೃದಂಗದವರು. ಉದಯನನ್ನು ಅವಳು ಬಲ್ಲಳು. ಸುಳ್ಯದ ಕಡೆ ಮದುವೆ ದಿಬ್ಬಣ ಹೊರಡಬೇಕಾದರೆ, ದೇವಸ್ಥಾನದಲ್ಲಿ ದೇವರ ಬಲಿ ಮೆರವಣಿಗೆ ಹೊರಡಬೇಕಾದರೆ ಉದಯನ ಸ್ಯಾಕ್ಸೋಫೋನ್ ಬೇಕು. ಬಾಗಿಲ ಬಳಿ ನಿಂತು ಕೇಳಿದಳು. ಮದುವೆಯಲ್ಲಿ ಕೇಳಿದ ಉದಯ ಇವನಲ್ಲ ಅನ್ನಿಸಿತು. ಅವಸರವಿಲ್ಲ, ಯಾರೂ "ಮುಹೂರ್ತ ಆಯ್ತು, ಜೋರು ಊದಿ" ಎನ್ನುವವರಿಲ್ಲ. ಒಂದು ಸ್ವರದಲ್ಲಿ ನಿಂತು, ಅದರ ಸುತ್ತ ಓಡಾಡಿ, ಮತ್ತೆ ಅಲ್ಲಿಗೇ ಬಂದು ಕೂರುತ್ತಿದ್ದ.

ದೊಡ್ಡ ಹಾಲ್‌ನ ವೇದಿಕೆಯ ಮೇಲೆ ಸುಪ್ರಿತಾಳ ತಂಡವಿತ್ತು. ಕೀಬೋರ್ಡಿನ ಸಂಪ್ರೀತ್ ಪುತ್ತೂರಿನವನೇ. ಗಿಟಾರಿನವರಿಬ್ಬರು ಮೈಸೂರಿನವರು. ಮೊದಲಿಗೆ ರಮ್ಲತ್‌ಗೆ ಏನೂ ಹಿಡಿಯಲಿಲ್ಲ. ಎಲ್ಲರೂ ಒಟ್ಟಿಗೆ ಶುರುಮಾಡಿದರು, ಕೂಡಲೇ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಸಂಪ್ರೀತ್ ಎಲ್ಲೋ ಹೋದ, ಸುಪ್ರಿತಾ ಅವನ ಹಿಂದೆ ಬಿದ್ದಳು, ಇಬ್ಬರೂ ಮುಖ ನೋಡಿಕೊಂಡು ನಕ್ಕರು. ನಕ್ಕದ್ದು ಯಾಕೆಂದು ರಮ್ಲತ್‌ಗೆ ತಿಳಿಯಲಿಲ್ಲ.

ಚಹಾ ಕುಡಿಯುವಾಗ ಅವಳು ಸುಪ್ರಿತಾಳನ್ನು ಹಿಡಿದು ಕೂರಿಸಿದಳು. "ಮಗಾ, ಅಲ್ಲಿ ನೀವಿಬ್ಬರು ನಕ್ಕಿದ್ದು ಎಂತಕ್ಕೆ?"

"ಅವನು ಹೋಗುವಲ್ಲಿಗೆ ಹೋಗದೆ ಬೇರೆ ಕಡೆ ತಿರುಗಿದ ಅಕ್ಕ. ನಾನು ಬಿಡ್ತೇನಾ, ಅಲ್ಲಿಗೇ ಹೋಗಿ ಉತ್ತರ ಕೊಟ್ಟೆ."

"ಮೊದಲೇ ಮಾತಾಡಿ ಇಟ್ಟದ್ದಲ್ವಾ ಅದು?"

"ಇಲ್ಲ. ಹಾಡು ಮಾತ್ರ ಎಲ್ಲರಿಗೂ ಗೊತ್ತಿರುದು. ಅದನ್ನು ಹಿಡ್ಕೊಂಡು ಒಬ್ಬೊಬ್ಬರು ತಮಗೆ ತೋಚಿದ್ದು ಹೇಳುದು. ಕೊನೆಗೆ ಎಲ್ಲರೂ ವಾಪಸು ಬರ್ಬೇಕು."

"ಅವನು ತಪ್ಪಿದ್ರೆ?"

"ತಪ್ಪಿದ್ರೆ ಆ ತಪ್ಪಿಗೇ ಉತ್ತರ ಕೊಡುದು. ಆಗ ಅದು ತಪ್ಪಾಗಿ ಉಳಿಯುದಿಲ್ಲ."

ರಮ್ಲತ್ ಚಹಾದ ಲೋಟ ಕೆಳಗಿಟ್ಟಳು. ಸಣ್ಣವಳಿರುವಾಗ ಆಟಿಯಲ್ಲಿ ತಂದೆಯ ಜೊತೆ ಅವಳು ಎಷ್ಟೋ ತಾಳಮದ್ದಳೆಗೆ ಹೋಗಿದ್ದಳು. ಮಳೆಗಾಲಕ್ಕೆ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ ಮೇಲೆ, ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ನಡೆಯುವ ಮಾತಿನ ಆಟ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಅದನ್ನು ಹಿಡಿದು ಎದುರು ಬದುರು ವಾದಿಸುತ್ತಾರೆ. ಕಥೆ ಎಲ್ಲರಿಗೂ ಗೊತ್ತು, ಮಾತು ಮಾತ್ರ ಆಗಷ್ಟೇ ಹುಟ್ಟುವುದು. ಆಂಪ್ಲಿಫಯರಿನ ಪಕ್ಕ ಕೂತು ಕೇಳುತ್ತಿದ್ದಾಗ ಅವಳಿಗೂ ನಗು ಬರುತ್ತಿದ್ದದ್ದು ಇದಕ್ಕೇ. ಒಬ್ಬರು ಎಲ್ಲಿಂದಲೋ ಒಂದು ಪ್ರಶ್ನೆ ಎಸೆಯುವರು, ಇನ್ನೊಬ್ಬರು ಸಿಕ್ಕಿಬಿದ್ದರು ಎನ್ನುವಾಗ ತಪ್ಪಿಸಿಕೊಂಡು ತಿರುಗಿ ಹೊಡೆಯುವರು.

"ಇದು ತಾಳಮದ್ದಳೆಯ ಹಾಗೆ ಅಲ್ವಾ?" ಎಂದಳು.

ಸುಪ್ರಿತಾ ಹೌದೆಂದು ತಲೆಯಾಡಿಸಿ, "ದೊಡ್ಡಪ್ಪಾ, ಕೇಳಿದ್ರಾ?" ಎಂದು ರೈಗಳನ್ನು ಕರೆದಳು. ಊಟದ ಹಾಲ್‌ನ ಬಾಗಿಲಲ್ಲಿ ಸ್ಯಾಕ್ಸೋಫೋನ್ ಕುತ್ತಿಗೆಗೆ ಹಾಕಿಕೊಂಡೇ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಉದಯ, "ಹಾಗಾದ್ರೆ ನನಗೂ ಒಂದು ಅರ್ಥ ಹೇಳ್ಲಿಕ್ಕೆ ಕೊಡಿ" ಎಂದ. ಬರೆದ ಸ್ವರ ನೋಡಿ ಊದಲು ತನಗೆ ಬರುವುದಿಲ್ಲ ಎಂದು ಎರಡು ದಿನದಿಂದ ದೂರವೇ ಇದ್ದವನು ಅವನು. ಊಟಕ್ಕೆ ಮೊದಲು ಅವರೆಲ್ಲ ಒಟ್ಟಿಗೆ ಕೂತು ಮೋಹನ ರಾಗ ಹಿಡಿದು ಸ್ವಲ್ಪ ಹೊತ್ತು ಆಟವಾಡಿದರು. ಎರಡು ಸಲ ದಾರಿ ತಪ್ಪಿತು, ಮೂರನೆಯ ಸಲ ಕೂಡಿಬಂತು. ಸುಳ್ಯದ ಕಚೇರಿಯ ಕೊನೆಗೆ ಇದನ್ನೇ ಇಡುವುದೆಂದು ಅಲ್ಲೇ ತೀರ್ಮಾನವಾಯಿತು.

ಉಪ್ಪಿನಂಗಡಿಗೆ ಬಂದವಳೇ ರಮ್ಲತ್ ಹುಲಿಯ ಎದುರು ಕೂತು ಮೈಕ್ ಹಾಕಿಸಿದಳು. ಬರೆದುಕೊಳ್ಳಲಿಲ್ಲ.

"ಬಂಧುಗಳೇ, ಆಟಿಯಲ್ಲಿ ಮನೆಯೊಳಗೆ ಕೂತು ಬೇಸರ ಬಂದಿದ್ದರೆ ಕೇಳಿ. ಪುತ್ತೂರಿನಲ್ಲಿ ಮರ್ಕಂಜದ ಉದಯ ಅವರ ಸ್ಯಾಕ್ಸೋಫೋನ್ ಕಚೇರಿ. ನಿಮ್ಮ ಮನೆಯ ಮದುವೆಯಲ್ಲಿ ಅವರು ಊದುವಾಗ ನೀವು ನೆಂಟರ ಗಡಿಬಿಡಿಯಲ್ಲಿದ್ದಿರಿ, ಈಗ ಕೂತು ಕೇಳಿ. ಕಡಬದಲ್ಲಿ ಜಾಝ್. ಜಾಝ್ ಎಂದರೆ ಎಂತ? ತಾಳಮದ್ದಳೆಯ ಹಾಗೆ. ವಿಷಯ ಎಲ್ಲರಿಗೂ ಗೊತ್ತು, ಮಾತು ಅಲ್ಲೇ ಹುಟ್ಟುವುದು. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವುದು. ಬಾಯಿಯ ಬದಲು ವಾದ್ಯ, ಅಷ್ಟೇ. ಸುಳ್ಯದಲ್ಲಿ ಎರಡೂ ಒಟ್ಟಿಗೆ. ಕೊಡೆ ಹಿಡಿದುಕೊಂಡು ಬನ್ನಿ."

ಶಮೀರ್ ಇಯರ್‌ಫೋನ್ ತೆಗೆದು, "ಇದು ಜಾಸ್ತಿ ಉದ್ದ ಆಗ್ಲಿಲ್ವಾ?" ಎಂದ.

"ಜೀಪು ನಿಧಾನ ಬಿಡು" ಎಂದಳು ರಮ್ಲತ್.

ಪುತ್ತೂರಿನ ಕಚೇರಿಗೆ ಹಾಕಿದ ಕುರ್ಚಿ ಸಾಲಲಿಲ್ಲ, ರಾಶಿಯಿಂದ ಮತ್ತೂ ಇಳಿಸಬೇಕಾಯಿತು. ತಮ್ಮ ಮದುವೆಗೆ ಇವನೇ ಊದಿದ್ದು ಎಂದು ಹೇಳಿಕೊಂಡು ಎಷ್ಟೋ ಗಂಡ ಹೆಂಡತಿಯರು ಬಂದಿದ್ದರು. ಉದಯ ಕಣ್ಣು ಮುಚ್ಚಿ ಊದಿದ. ರಮ್ಲತ್ ಹಿಂದಿನ ಸಾಲಿನಲ್ಲಿ ಶಮೀರ್‌ನ ಮಿಕ್ಸರ್ ಪಕ್ಕ ಕೂತು ಕೇಳಿ, ಯಾರ ಕಣ್ಣಿಗೂ ಬೀಳದೆ ಮನೆಗೆ ಹೋದಳು. ಅವಳಿಗೆ ಅದೇ ಅಭ್ಯಾಸ. ವೇದಿಕೆಗೆ ಬಂದು ನಿರೂಪಣೆ ಮಾಡಿ ಎಂದು ಹಿಂದೆಯೂ ಹಲವರು ಕರೆದದ್ದುಂಟು, ಅವಳು ಒಪ್ಪಿರಲಿಲ್ಲ. ಮನೆಯಲ್ಲಿ ಯಾರದ್ದೂ ಅಡ್ಡಿ ಇರಲಿಲ್ಲ. ಧ್ವನಿ ಊರೆಲ್ಲ ತಿರುಗಿ ತಾನು ಅಂಗಡಿಯಲ್ಲಿ ಯಾರೋ ಒಬ್ಬಳಾಗಿ ನಿಂತಿರುವುದು ಅವಳಿಗೆ ಇಷ್ಟವಿತ್ತು, ಅಷ್ಟೇ.

ಮುಂದಿನ ಶನಿವಾರ ಕಡಬದಲ್ಲಿ ಬೆಳಿಗ್ಗೆಯಿಂದಲೇ ಮಳೆ. ಆ ವಾರವಿಡೀ ಹಾಗೆಯೇ ಇತ್ತು. ಮೈಕ್ ಕಟ್ಟಲು ಶಮೀರ್ ಮೊದಲೇ ಹೋಗಿದ್ದ, ಸಂಜೆ ರಮ್ಲತ್ ಹಾಲ್‌ಗೆ ಮುಟ್ಟುವಾಗ ಜನ ಬಂದು ಕೂತಾಗಿತ್ತು. ಮುಂದಿನ ಸಾಲುಗಳಲ್ಲಿ ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಕೈಯಲ್ಲಿ ಎಲೆ ಅಡಿಕೆಯ ಪೊಟ್ಟಣ. ಬಹುಪಾಲು ವಯಸ್ಸಾದವರು. ಜಾಝ್‌ಗೆ ಇಷ್ಟೊಂದು ಹಿರಿಯರೇ ಎಂದು ಅವಳು ಖುಷಿಪಡುವಷ್ಟರಲ್ಲಿ ತ್ಯಾಂಪಣ್ಣ ರೈಗಳು ಎದುರಿಗೆ ಬಂದರು. ಮುಖ ಬಾಡಿತ್ತು.

"ಕೆಲಸ ಕೆಟ್ಟಿತು ರಮ್ಲತ್. ಇವರೆಲ್ಲ ಬಂದದ್ದು ತಾಳಮದ್ದಳೆಗೆ."

ಜೀಪು ಹಾದುಹೋಗುವಾಗ ಮಳೆಯ ಸದ್ದಿನಲ್ಲಿ ಮನೆಯೊಳಗಿದ್ದವರಿಗೆ ಕೇಳಿಸಿದ್ದು 'ಕಡಬದಲ್ಲಿ' ಮತ್ತು 'ತಾಳಮದ್ದಳೆ' ಎಂಬ ಎರಡೇ ಮಾತು. ಆಟಿಯಲ್ಲಿ ತಾಳಮದ್ದಳೆ ಎಂದರೆ ಯಾರಿಗೂ ಸಂಶಯ ಬರಲಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ ಫೋನ್ ಮಾಡಿದರು. ಮೊದಲ ಸಾಲಿನಲ್ಲಿ ಕೂತ ಅಮ್ಮು ಮಾಸ್ಟ್ರು, ನಿವೃತ್ತ ಅಧ್ಯಾಪಕರು, ವೇದಿಕೆಯ ಮೇಲಿನ ಡ್ರಮ್ಸನ್ನು ನೋಡಿ, "ಚೆಂಡೆ ಎಲ್ಲಿ? ಭಾಗವತರು ಯಾರು ಇವತ್ತು?" ಎಂದು ಆಗಲೇ ಎರಡು ಸಲ ಕೇಳಿಯಾಗಿತ್ತು.

"ನಾನು ಕ್ಷಮೆ ಕೇಳಿ ಬಿಡ್ತೇನೆ. ಅವರು ಎದ್ದು ಹೋಗ್ತಾರೆ. ಉಳಿದ ಹತ್ತು ಜನಕ್ಕೆ ಮಕ್ಕಳು ಬಾರಿಸ್ಲಿ" ಎಂದರು ರೈಗಳು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಸುಪ್ರಿತಾ ಡ್ರಮ್ಸಿನ ಕೋಲುಗಳನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದಳು. ರಮ್ಲತ್ ಅವಳನ್ನು ನೋಡಿದಳು, ಹೊರಗೆ ಕೂತವರನ್ನೂ ನೋಡಿದಳು. ಮಳೆಯಲ್ಲಿ ಬಸ್ಸು ಹಿಡಿದು ಬಂದವರು ಅವರು. ಅವರನ್ನು ಕರೆದದ್ದು ತನ್ನ ಧ್ವನಿ. ಕರೆದು, ಬಂದ ಮೇಲೆ ಬೇರೆಯವರ ಬಾಯಲ್ಲಿ ಹೋಗಿ ಎನ್ನಿಸುವುದು ಅವಳಿಗೆ ಸರಿಕಾಣಲಿಲ್ಲ.

"ಕ್ಷಮೆ ಬೇಡ ರೈಗಳೇ. ಮೈಕ್ ನನಗೆ ಕೊಡಿ" ಎಂದಳು. ಶಮೀರ್ ಏನೋ ಹೇಳಲು ಬಾಯಿ ತೆರೆದ. ಅವಳು ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಮೆಟ್ಟಿಲು ಹತ್ತಿಯಾಗಿತ್ತು.

ಬೆಳಕಿನಲ್ಲಿ ಮುಖಗಳು ಮೊದಲು ಮಸುಕಾಗಿ ಕಂಡವು. ಬಾಯಿ ಒಣಗಿತ್ತು. ಆದರೆ ಮೊದಲ ಮಾತು ಆಡಿದ ಕೂಡಲೇ ಸಭೆಯಲ್ಲಿ ಒಂದು ಗುಸುಗುಸು ಎದ್ದಿತು. ಎಲ್ಲರಿಗೂ ಆ ಧ್ವನಿಯ ಪರಿಚಯವಿತ್ತು.

"ನಮಸ್ಕಾರ. ಜೀಪಿನಲ್ಲಿ ನಿಮ್ಮನ್ನು ಕರೆದವಳು ನಾನು. ನಾನು ಹೇಳಿದ್ದರಲ್ಲಿ ಅರ್ಧ ಮಳೆಗೆ ಹೋಯಿತು ಅಂತ ಕಾಣ್ತದೆ. ಇಲ್ಲಿ ಭಾಗವತರಿಲ್ಲ, ಅರ್ಥಧಾರಿಗಳೂ ಇಲ್ಲ. ಬಂದಿರುವವರು ವಾದ್ಯದವರು. ಆದ್ರೆ ಇವರು ಮಾಡುದು ಅದೇ ಕೆಲಸ. ವಿಷಯ ಒಂದು ಹಿಡಿದು ವಾದ ಮಾಡ್ತಾರೆ, ಯಾರೂ ಬಾಯಿಪಾಠ ಮಾಡಿ ಬಂದಿಲ್ಲ. ಹೋಗ್ಬೇಕು ಅನ್ನಿಸಿದವರಿಗೆ ಬಾಗಿಲು ತೆರೆದುಂಟು. ಹೊರಗೆ ಮಳೆಯೂ ಜೋರುಂಟು. ಒಂದು ಪದ್ಯದಷ್ಟು ಹೊತ್ತು ಕೂತು ನೋಡಿ."

ಹಿಂದಿನ ಸಾಲುಗಳಲ್ಲಿ ನಗು ಕೇಳಿಸಿತು. ನಾಲ್ಕೈದು ಮಂದಿ ಎದ್ದು ಕೊಡೆ ಬಿಡಿಸಿ ಹೊರಟೇ ಹೋದರು. ಅಮ್ಮು ಮಾಸ್ಟ್ರು ಏಳಲಿಲ್ಲ, ಕೈಕಟ್ಟಿ ಕೂತರು.

"ಪದ್ಯ ಯಾವುದು ಹಾಗಾದ್ರೆ?" ಎಂದು ಕೂತಲ್ಲಿಂದಲೇ ಕೇಳಿದರು.

"ನೀವೇ ಹೇಳಿ ಮಾಸ್ಟ್ರೇ. ಒಂದು ರಾಗ ಹೇಳಿ."

ಇಂಥ ಮರುಮಾತನ್ನು ಅವರು ಎದುರು ನೋಡಿರಲಿಲ್ಲ. ಅಕ್ಕಪಕ್ಕದವರು ಅವರ ಮುಖ ನೋಡಿದರು. "ಮೋಹನ" ಎಂದರು ಕೊನೆಗೆ, ಪರೀಕ್ಷೆ ಮಾಡುವವರ ಹಾಗೆ.

ಅಭ್ಯಾಸದ ದಿನ ಎಲ್ಲರೂ ಒಟ್ಟಿಗೆ ಆಡಿದ ರಾಗವೇ ಅದು. ರಮ್ಲತ್ ಮೂರನೆಯ ಸಾಲಿನಲ್ಲಿ ಉದಯನನ್ನು ಕಂಡಿದ್ದಳು. ಸುಳ್ಯದ ಕಚೇರಿಗಾಗಿ ಮರುದಿನ ಒಟ್ಟಿಗೆ ಅಭ್ಯಾಸ ಮಾಡಲಿಕ್ಕಿತ್ತು, ಹಾಗಾಗಿ ವಾದ್ಯದ ಪೆಟ್ಟಿಗೆ ಅವನ ಕಾಲ ಬುಡದಲ್ಲೇ ಇತ್ತು. "ಉದಯಣ್ಣ, ಮಾಸ್ಟ್ರು ಮೋಹನ ಕೇಳ್ತಾ ಇದ್ದಾರೆ. ಮೇಲೆ ಬನ್ನಿ" ಎಂದಳು. ಉದಯ ಎಂಬ ಹೆಸರು ಕೇಳಿ ಸಭೆ ಕುರ್ಚಿಯಲ್ಲಿ ಸರಿಯಾಗಿ ಕೂತಿತು. ಅವನು ಅವರ ಕಡೆಯ ಮನುಷ್ಯ.

ಉದಯ ರಾಗವನ್ನು ನಿಧಾನವಾಗಿ ಬಿಡಿಸಿದ. ಹಿರಿಯರ ತಲೆ ತೂಗತೊಡಗಿತು. ಅವನು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಸಂಪ್ರೀತ್ ಅದೇ ಸಾಲನ್ನು ಹಿಡಿದು ಬೇರೆ ಮಾಡಿ ತಿರುಗಿಸಿ ಕೊಟ್ಟ. ಉದಯ ಹುಬ್ಬೇರಿಸಿ, ಅದಕ್ಕೆ ಇನ್ನೊಂದು ಗಂಟು ಹಾಕಿ ವಾಪಸು ಕೊಟ್ಟ. ಗಿಟಾರಿನವರು ಕೆಳಗಿಂದ ಹಿಡಿದು ನಿಂತರು. ರಮ್ಲತ್ ವೇದಿಕೆಯ ಬದಿಯಲ್ಲಿ ನಿಂತು ತಗ್ಗಿದ ಧ್ವನಿಯಲ್ಲಿ ಮೈಕಿನಲ್ಲಿ ಹೇಳಿದಳು, "ಉದಯಣ್ಣನ ಪ್ರಶ್ನೆ ಆಯ್ತು. ಈಗ ಡ್ರಮ್ಸಿನವರು ಏನು ಹೇಳ್ತಾರೆ ನೋಡುವಾ."

ಸುಪ್ರಿತಾ ಕೋಲು ಎತ್ತಿದಳು. ಶುರುಮಾಡಿದ್ದು ಸಣ್ಣಕ್ಕೆ, ಮಳೆ ಹಂಚಿನ ಮೇಲೆ ಹನಿ ಇಡುವ ಹಾಗೆ. ಉದಯ ಊದಿದ ಸಾಲಿನ ನಡಿಗೆ ಅದರಲ್ಲಿ ಹಾಗೆಯೇ ಇತ್ತು. ಆಮೇಲೆ ಅವಳು ಅದನ್ನು ಒಡೆದಳು, ಅರ್ಧಕ್ಕೆ ನಿಲ್ಲಿಸಿದಳು, ಎಲ್ಲರೂ ಮುಗಿಯಿತು ಅಂದುಕೊಂಡಾಗ ಬೇರೆ ಕಡೆಯಿಂದ ಬಂದು ಸರಿಯಾಗಿ ಅದೇ ಜಾಗಕ್ಕೆ ಇಳಿದಳು. ಅಮ್ಮು ಮಾಸ್ಟ್ರ ಕಟ್ಟಿದ ಕೈ ಬಿಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ಕೊಟ್ಟಳು ಉತ್ತರ" ಎಂದು ಅವರು ಪಕ್ಕದವರಿಗೆ ಹೇಳಿದ್ದು ವೇದಿಕೆಯ ಮೇಲಿದ್ದ ರಮ್ಲತ್‌ಗೂ ಕೇಳಿಸಿತು.

ಆ ಮೇಲೆ ತಂಡ ತಮ್ಮದೇ ಹಾಡುಗಳನ್ನು ನುಡಿಸಿತು. ಪ್ರತಿ ಸಲವೂ ಮೊದಲು ಸಂಪ್ರೀತ್ ಹಾಡಿನ ತಿರುಳನ್ನು ಒಮ್ಮೆ ತೋರಿಸುವುದು, ರಮ್ಲತ್ ಅದನ್ನು ಎರಡು ಮಾತಿನಲ್ಲಿ ಹೇಳುವುದು, ಮತ್ತೆ ವಾದ ಶುರು. ಯಾರೂ ಬರೆದು ಕೊಟ್ಟದ್ದಲ್ಲ, ಅದು ಹಾಗೆ ಒದಗಿ ಬಂತು. ಒಂದು ಹಾಡು ಯಾರಿಗೂ ಹಿಡಿಸಲಿಲ್ಲ, ಚಪ್ಪಾಳೆ ಸಪ್ಪೆಯಾಗಿತ್ತು. ಅವಳು ಅದನ್ನೂ ಮುಚ್ಚಿಡಲಿಲ್ಲ. "ಇದು ನನಗೂ ಪೂರ್ತಿ ಅರ್ಥ ಆಗ್ಲಿಲ್ಲ. ಮುಂದಿನದ್ದು ನೋಡುವಾ" ಎಂದಾಗ ಗಿಟಾರಿನವರೇ ಬಿದ್ದು ಬಿದ್ದು ನಕ್ಕರು.

ಮುಗಿದ ಮೇಲೆ ಅಮ್ಮು ಮಾಸ್ಟ್ರು ವೇದಿಕೆಯ ಹತ್ತಿರ ಬಂದರು. "ಭಾಗವತರಿಲ್ಲದ್ದು ಕೊರತೆಯೇ" ಎಂದು ಮೊದಲು ದೂರಿದರು. ಆಮೇಲೆ ಸುಪ್ರಿತಾಳತ್ತ ಬೆರಳು ತೋರಿಸಿ, "ಆದ್ರೆ ಪ್ರತಿವಾದಿ ಒಳ್ಳೆಯವಳೇ ಸಿಕ್ಕಿದ್ದಾಳೆ. ಸುಳ್ಯಕ್ಕೆ ಬಸ್ಸು ಎಷ್ಟು ಹೊತ್ತಿಗೆ ಉಂಟು?" ಎಂದು ಕೇಳಿದರು.

ಸುಳ್ಯದ ಶನಿವಾರಕ್ಕೆ ಇನ್ನೂ ಒಂದು ವಾರವಿತ್ತು. ಮನೆಯಲ್ಲಿ ತಾಯಿ ಬೀಫಾತುಮ್ಮ ಅಕ್ಕಿ ರೊಟ್ಟಿ ತಟ್ಟುತ್ತ, "ಇಷ್ಟು ವರ್ಷ ಕೋಣೆಯೊಳಗಿಂದ ಹೇಳಿದ್ದೇ ಸಾಕಿತ್ತಲ್ಲ ಮೋಳೇ, ಈಗ ಮೇಲೆ ಹತ್ತಿದ್ದು ಎಂತಕ್ಕೆ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ತಿಳಿಯುವ ಆಸೆಯಿಂದ.

ರಮ್ಲತ್ ರೊಟ್ಟಿ ಮಗುಚಿದಳು. "ಕೋಣೆಯಲ್ಲಿ ಹೇಳಿದ್ರೆ ಉತ್ತರ ಬರುದಿಲ್ಲ ಉಮ್ಮಾ. ವೇದಿಕೆಯಲ್ಲಿ ನಾನು ಒಂದು ಹೇಳ್ತೇನೆ, ಮಾಸ್ಟ್ರು ಒಂದು ಹೇಳ್ತಾರೆ. ಅದರಿಂದ ಮುಂದಿನ ಮಾತು ಬರ್ತದೆ. ಅದು ನನಗೆ ಇಷ್ಟ ಆಯ್ತು."

"ಹಾಗಾದ್ರೆ ನನಗೂ ಒಂದು ಕುರ್ಚಿ ಇಡಿಸು" ಎಂದರು ಬೀಫಾತುಮ್ಮ.

ಕಡಬದ ಕಚೇರಿಯನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಅಲ್ಲಿ ಇಲ್ಲಿ ತಿರುಗಿ ದಮ್ಮಾಮಿಗೂ ಮುಟ್ಟಿತು. ಗಂಡ ಫೋನ್ ಮಾಡಿ, ರೂಮಿನಲ್ಲಿ ಪುತ್ತೂರು ಕಡೆಯ ಹುಡುಗರೆಲ್ಲ ಕೂತು ನೋಡಿದೆವು ಎಂದ. "ಎಂತ ಹೇಳಿದ್ರು?" ಎಂದು ಅವಳು ಕೇಳಿದಳು. "ನೀನು ಹೀಗೆ ಇದ್ದೀ ಅಂತ ಅವರಿಗೆ ಗೊತ್ತಿರ್ಲಿಲ್ಲವಂತೆ. ನನಗೆ ಮೊದಲೇ ಗೊತ್ತಿತ್ತು ಅಂತ ಹೇಳಿದೆ" ಎಂದ ಅವನು.

ಸುಳ್ಯದಲ್ಲಿ ಹಾಲ್ ತುಂಬಿ ಹೊರಗಿನ ಜಗಲಿಯಲ್ಲೂ ಜನ ನಿಂತರು. ಅಜ್ಜಾವರದಿಂದ ಒಂದು ಜೀಪು ತುಂಬ ಜನ ಬಂದರು. ಮರ್ಕಂಜದವರು ತಮ್ಮ ಉದಯನಿಗಾಗಿ ಬಂದರು. ಅಮ್ಮು ಮಾಸ್ಟ್ರು ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದು ಬೀಫಾತುಮ್ಮನ ಪಕ್ಕದ ಸಾಲಿನಲ್ಲೇ ಕೂತರು. ಅಂದು ರಮ್ಲತ್‌ಗೆ ಬಾಯಿ ಒಣಗಲಿಲ್ಲ. ಮೊದಲು ಉದಯನ ಶಾಸ್ತ್ರೀಯ ಕಚೇರಿ, ಆಮೇಲೆ ಜಾಝ್, ಕೊನೆಗೆ ಎಲ್ಲರೂ ಒಟ್ಟಿಗೆ. ಮೃದಂಗದವರಿಗೂ ಸುಪ್ರಿತಾಳಿಗೂ ಮಾತಿಗೆ ಮಾತು ಬೆಳೆಯಿತು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡರು, ಸಭೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿ ನೋಡಿತು. ಎಲ್ಲರೂ ಒಂದೇ ಕಡೆ ಬಂದು ಇಳಿದಾಗ ರಮ್ಲತ್ ತಾನು ನಿರೂಪಣೆಗೆ ನಿಂತವಳೆಂಬುದನ್ನು ಮರೆತು, ಮೈಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದಳು. ಹಾಲ್ ತುಂಬ ಗರಗರ ಸದ್ದಾಯಿತು. ಶಮೀರ್ ಓಡಿ ಬಂದು ಮಿಕ್ಸರ್ ತಗ್ಗಿಸಿದ.

ಇನ್ನು ಧನ್ಯವಾದ ಹೇಳುವುದಿತ್ತು. ತ್ಯಾಂಪಣ್ಣ ರೈಗಳು ಬದಿಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ರಮ್ಲತ್ ಮೈಕನ್ನು ಸರಿಯಾಗಿ ಹಿಡಿದುಕೊಂಡಳು.

"ಬಂದದ್ದಕ್ಕೆ ನಿಮಗೆಲ್ಲ ಧನ್ಯವಾದ. ಬರುವ ಆಟಿಯಲ್ಲೂ ಮೂರು ಕಚೇರಿ ಉಂಟು. ಪುತ್ತೂರಲ್ಲಿ ಒಂದು, ಕಡಬದಲ್ಲಿ ಒಂದು, ಸುಳ್ಯದಲ್ಲಿ ಒಂದು. ಈಗಲೇ ಹೇಳಿಟ್ಟಿದ್ದೇನೆ. ಆಮೇಲೆ ಮಳೆಯಲ್ಲಿ ಕೇಳ್ಲಿಲ್ಲ ಅಂತ ಹೇಳ್ಬೇಡಿ."

ಜನ ನಗುತ್ತ ಎದ್ದರು. ರೈಗಳು ಕಣ್ಣೊರೆಸುವುದನ್ನು ನಿಲ್ಲಿಸಿ ಅವಳ ಹತ್ತಿರ ಬಂದರು.

"ಬರುವ ವರ್ಷದ್ದು ನಾವು ಇನ್ನೂ ಮಾತೇ ಆಡ್ಲಿಲ್ವಲ್ಲ ಮಾರಾಯ್ರೆ."

"ನಾನು ಹೇಳಿ ಆಯ್ತಲ್ಲ ರೈಗಳೇ" ಎಂದಳು ರಮ್ಲತ್. "ಇನ್ನು ಮಾಡಬೇಕು, ಅಷ್ಟೇ."

ರೈಗಳು ತಿರುಗಿ ಸುಪ್ರಿತಾಳನ್ನೂ ಉದಯನನ್ನೂ ಕೂಗಿ ಕರೆದರು. ಕುರ್ಚಿ ಎತ್ತಿಡುವವರ ಗಲಾಟೆಯ ನಡುವೆಯೇ ಅವರು ವೇದಿಕೆಯ ಅಂಚಿನಲ್ಲಿ ಕೂತು, ಪುತ್ತೂರಲ್ಲಿ ಮೊದಲು ಯಾರು ಎಂದು ಚರ್ಚೆ ಶುರುಮಾಡಿದರು. ಮೊದಲು ಜಾಝ್ ಇರಲಿ ಎಂದ ಉದಯ. ಬೇಡ, ಮೊದಲು ಸ್ಯಾಕ್ಸೋಫೋನ್ ಎಂದಳು ಸುಪ್ರಿತಾ. ಅಮ್ಮು ಮಾಸ್ಟ್ರೂ ಬಂದು ನಡುವೆ ಕುರ್ಚಿ ಹಾಕಿಕೊಂಡು ಕೂತರು. ರಮ್ಲತ್ ತಾಯಿಯ ಕೈ ಹಿಡಿದು ಜೀಪಿನ ಕಡೆ ನಡೆದಳು. ಬೀಫಾತುಮ್ಮ ದಾರಿಯುದ್ದಕ್ಕೂ, ಆ ಡ್ರಮ್ಸಿನ ಹುಡುಗಿಯನ್ನು ಒಂದು ದಿನ ಊಟಕ್ಕೆ ಕರೆಯಬೇಕೆಂದು ಹೇಳುತ್ತ ಬಂದರು.